ಕೆಳದಿಯ ಕುರುಹುಗಳಿಗೆ ಒಂದು ಒಡಂಬಡಿಕೆ ಬೇಕು

ಮಾನ್ಯರೇ,

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಕೇಂದ್ರ ಪುರಾತತ್ತ್ವ ಇಲಾಖೆಯ ಸುಪರ್ದಿಯಲ್ಲಿದೆ. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಸಂಗ್ರಹಾಲಯ ರಾಜ್ಯ ಇಲಾಖೆಯದು. ಕೆಳದಿಯ ವಸ್ತು ಸಂಗ್ರಹಾಲಯ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದು. 1763ರಲ್ಲಿ ಹೈದರಾಲಿ ರಾಜಧಾನಿ ಬಿದನೂರನ್ನು ಹಿಡಿಯುವ ತನಕ ಆಳಿದ ಕೆಳದಿ ನಾಯಕರ ಒಂದೇ ಮನೆತನದ ಕುರುಹು ಹೀಗೆ ಮೂರು ಆಡಳಿತಗಳ ಕೈಯಲ್ಲಿದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಮೂವರೂ ಕೂತು ಒಂದು ಲಿಖಿತ ಒಡಂಬಡಿಕೆ ಮಾಡಿಕೊಂಡರೆ ಎಷ್ಟೋ ಕೆಲಸ ಹಗುರಾಗುತ್ತದೆ.

ಎಲ್ಲಕ್ಕಿಂತ ಜರೂರು ತಾಡೋಲೆಗಳದ್ದು, ಅಂದರೆ ತಾಳೆಗರಿಯ ಹಳೆಯ ಹಸ್ತಪ್ರತಿಗಳದ್ದು. ಕಂಟವೆಂಬ ಚೂಪು ಲೇಖನಿಯಿಂದ ಕೊರೆದ ಅಕ್ಷರಕ್ಕೆ ಮಸಿ ತೀಡಿದರೆ ಮಾತ್ರ ಅದು ಕಣ್ಣಿಗೆ ಕಾಣುತ್ತದೆ. ಮಸಿ ಮಾಸಿತೆಂದರೆ ನೋಡಿದವರು ಖಾಲಿ ಗರಿಯೆಂದು ಎಸೆದಾರು. ಹಿಂದೆ ನಮ್ಮ ಕಡೆಯ ಮನೆಗಳಲ್ಲಿ ಕಟ್ಟುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಡುತ್ತಿದ್ದರು, ಹೊಗೆಗೆ ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಈಗ ಗ್ಯಾಸ್ ಬಂದಿದೆ, ಆಷಾಢದ ಥಂಡಿ ಮಾತ್ರ ಹಾಗೇ ಇದೆ. ಬೂಷ್ಟು ಒರೆಸಿ, ನಿಂಬೆಹುಲ್ಲಿನ ಎಣ್ಣೆ ಸವರಿ, ಸ್ಕ್ಯಾನ್ ಮಾಡಿಡುವುದು ನುರಿತ ಕೈಗಳ ಕೆಲಸ. ಪ್ರತಿ ಸಣ್ಣ ಸಂಗ್ರಹಾಲಯವೂ ಅಂಥವರನ್ನು ನೇಮಿಸಿಕೊಳ್ಳಲಾಗದು, ಹಂಚಿಕೊಳ್ಳಬಹುದು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ವರ್ಷಕ್ಕೊಮ್ಮೆ ಇಲ್ಲಿನ ವಿದ್ಯಾರ್ಥಿಗಳಿಗೆ ತರಬೇತಿ ಕೊಡಲಿ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ್ದು ಅಲ್ಲಿಂದಲೇ. ಮನೆಯವರು ನಂಬಿ ಕೊಟ್ಟರೆ ಏನು ಸಿಗಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆ ನಂಬಿಕೆಯೇ ಇಂದು ಕಡಿಮೆ. ಕೊಟ್ಟದ್ದು ವಾಪಸು ಬರುತ್ತದೋ ಇಲ್ಲವೋ ಎಂಬ ಅಳುಕಿಗೆ ಜನ ಕಟ್ಟುಗಳನ್ನು ಹೊರತೆಗೆಯುವುದೇ ಇಲ್ಲ. ಓಲೆ ಮನೆಯವರದೇ, ಶುಚಿ ಮಾಡಿ ಸ್ಕ್ಯಾನ್ ಮಾಡುವುದಷ್ಟೇ ಸಂಗ್ರಹಾಲಯದ್ದು, ಪ್ರತಿಯಲ್ಲಿ ಮನೆಯವರ ಹೆಸರು ಇರುತ್ತದೆ ಎಂದು ಕಾಗದದಲ್ಲಿ ಬರೆದುಕೊಡಲಿ. ಇಂಥ ಓಲೆಗಳಲ್ಲಿ ಬಳಸುತ್ತಿದ್ದ ಹಳೆಯ ತಿಗಳಾರಿ ಲಿಪಿ ಓದಬಲ್ಲ ಹಿರಿಯರನ್ನು ಗೌರವಧನ ಕೊಟ್ಟು ಕರೆಯಲಿ. ಅವರು ಇರುವಾಗಲೇ ಈ ಕೆಲಸ ಆಗಬೇಕು.

ಪುಂಡಿ ನಾರಿನ ಕುಂಚ ಹಿಡಿದು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ದೀವರ ಸಮುದಾಯದ ಹೆಣ್ಣುಮಕ್ಕಳಿಗೆ ಅರಮನೆಯಲ್ಲಿ ತಿಂಗಳಿಗೊಂದು ದಿನ, ಸಂಭಾವನೆಯೊಂದಿಗೆ, ಜಾಗ ಸಿಗಲಿ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ ಹತ್ತಿರದಲ್ಲೇ ಇದೆ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿಯ ರಾಣಿ ಚೆನ್ನಮ್ಮನ ಕಥೆಯನ್ನು ಮಕ್ಕಳಿಗೆ ಆಡಿ ತೋರಿಸಲು ಅವರ ಸಹಕಾರ ಕೇಳಬಹುದು.

ದೀಪಾವಳಿ ಕಳೆದರೆ ಜೋಗಕ್ಕೆ ಶಾಲಾ ಪ್ರವಾಸದ ಬಸ್ಸುಗಳು ಸಾಗರ ಹಾದು ಹೋಗತೊಡಗುತ್ತವೆ. ಅಷ್ಟರೊಳಗೆ ಜಿಲ್ಲಾಡಳಿತ ಮೂರೂ ಕಡೆಯವರ ಸಭೆ ಕರೆದು, ಅರಮನೆ, ಕೆಳದಿ, ಇಕ್ಕೇರಿಗಳಿಗೆ ಒಂದೇ ಮಾರ್ಗದರ್ಶಿ ಪುಸ್ತಿಕೆಯನ್ನಾದರೂ ಹೊರತರಬೇಕೆಂದು ಕೋರುತ್ತೇನೆ.

— ನಿವೃತ್ತ ಶಿಕ್ಷಕ, ಸಾಗರ