ಎಂಜಿನ್ ಆಯಿಲ್ ಬದಲಿಸದೆ ಬಿಲ್ ಮಾಡಿದ ಬಗ್ಗೆ ದೂರು

ತೀರ್ಥಹಳ್ಳಿ
4 ಆಗಸ್ಟ್ 2025

ಇವರಿಗೆ,
ವ್ಯವಸ್ಥಾಪಕರು,
ಕಾರು ಸರ್ವಿಸ್ ಕೇಂದ್ರ, ಶಿವಮೊಗ್ಗ

ಮಾನ್ಯರೇ,

ಜುಲೈ 9ರ ಬೆಳಿಗ್ಗೆ ಅಮ್ಮನನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದೆ. ಮಂಡಗದ್ದೆ ದಾಟುತ್ತಿದ್ದಂತೆ ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿಕೊಂಡಿತು. ಬೆನ್ನಿಗೇ ಬಾನೆಟ್ಟಿನೊಳಗಿಂದ ಕಬ್ಬಿಣ ಕುಟ್ಟಿದಂಥ ಸದ್ದು. ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದೆ. ಎಪ್ಪತ್ತೆರಡು ವರ್ಷದ ಅಮ್ಮ ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ಬಸ್ಸಿಗೆ ಕಾದು ನಿಲ್ಲಬೇಕಾಯಿತು.

ನಿಮ್ಮಲ್ಲಿ ಎಂಜಿನ್ ಬಿಚ್ಚುವಾಗ ನಾನು ಪಕ್ಕದಲ್ಲೇ ಇದ್ದೆ. ತಳದಲ್ಲಿ ಸಿಕ್ಕಿದ್ದು ಆಯಿಲ್ ಅಲ್ಲ, ಅಡಿಕೆ ಬೇಯಿಸಿದ ಹಂಡೆಯ ಚೊಗರಿನಂತೆ ಕಪ್ಪಗೆ ಬೆರಳಿಗೆ ಅಂಟುವ ಗಸಿ. ಆಯಿಲ್ ಎಳೆದುಕೊಳ್ಳುವ ಕೊಳವೆಯ ಜಾಲರಿ ಅದರಿಂದಲೇ ಮುಚ್ಚಿಹೋಗಿತ್ತು. ಆಯಿಲ್ ಮೇಲೇರದೆ ಬೇರಿಂಗ್‌ಗಳು ಸವೆದು, ಎಂಜಿನ್‌ನಲ್ಲಿ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟ್ ಮೇಲೆ ಗೀರು ಬಿದ್ದಿದೆ. ದುರಸ್ತಿಗೆ 1,18,000 ರೂಪಾಯಿ ಎಂದಿದ್ದೀರಿ. ಜೊತೆಗೆ, "ಮಾಲೀಕರು ಸಕಾಲಕ್ಕೆ ಆಯಿಲ್ ಬದಲಿಸಿಲ್ಲ" ಎಂದು ಬರೆದು ವಿಸ್ತರಿತ ವಾರಂಟಿಯನ್ನೂ ನಿರಾಕರಿಸಿದ್ದೀರಿ.

ಹಣಕ್ಕಿಂತ ಆ ಸಾಲೇ ನನ್ನನ್ನು ಹೆಚ್ಚು ನೋಯಿಸಿದೆ. ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ತಪ್ಪದೆ ನಿಮ್ಮಲ್ಲಿಗೇ ಬಂದಿದ್ದೇನೆ. 2023 ಮತ್ತು 2024ರ ಡಿಸೆಂಬರ್ ಬಿಲ್ಲುಗಳಲ್ಲಿ ಆಯಿಲ್‌ಗೂ ಫಿಲ್ಟರ್‌ಗೂ ಹಣ ಪಡೆದಿದ್ದೀರಿ. ಆದರೆ ಮೊನ್ನೆ ಬಿಚ್ಚಿದ ಫಿಲ್ಟರ್ ಮೇಲೆ ಬಿಳಿ ಮಾರ್ಕರ್‌ನಲ್ಲಿ "12/22, 20140" ಎಂದಿತ್ತು. ಅದು ಫಿಲ್ಟರ್ ಹಾಕಿದ ತಿಂಗಳು-ವರ್ಷ ಮತ್ತು ಆಗ ಕಾರು ಓಡಿದ್ದ ಕಿಲೋಮೀಟರ್; 2022ರಲ್ಲಿ ನಿಮ್ಮ ಹಿರಿಯ ಮೆಕ್ಯಾನಿಕ್ ನನ್ನ ಕಣ್ಣೆದುರೇ ಬರೆದದ್ದು. ಆ ಮನುಷ್ಯನ ಅಚ್ಚುಕಟ್ಟು ಕೆಲಸ ನೋಡಿಯೇ ನಿಮ್ಮನ್ನು ನಂಬಿದ್ದೆ.

ಕಳೆದ ಜನವರಿಯಲ್ಲಿ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ಎಳೆದು ನೋಡಿ, ಆಯಿಲ್ ಇಷ್ಟು ಕಪ್ಪಗಿದೆಯಲ್ಲ ಎಂದು ನಿಮ್ಮ ಕೇಂದ್ರಕ್ಕೆ ಫೋನಿನಲ್ಲಿ ಕೇಳಿದ್ದೆ. "ಮಟ್ಟ ಸರಿಯಾಗಿದೆಯಲ್ಲ ಸರ್, ಬಣ್ಣ ಬೇಗ ಬದಲಾಗುತ್ತದೆ" ಎಂದರು ನಿಮ್ಮವರು. ಬಣ್ಣ ಬದಲಾಗುವುದು ನಿಜ. ಆದರೆ ಮಟ್ಟ ಸರಿಯಿದ್ದ ಮಾತ್ರಕ್ಕೆ ಆಯಿಲ್‌ನಲ್ಲಿ ಸತ್ವ ಉಳಿದಿರುವುದಿಲ್ಲ. ಆಗುಂಬೆ ಘಾಟಿಯ ಏರಿನಲ್ಲಿ ಎಂಜಿನ್ ಕಾಯುತ್ತದೆ; ಮಳೆಗಾಲದಲ್ಲಿ ಪೇಟೆಗೆ ಹೋಗಿಬರುವ ಸಣ್ಣ ಓಡಾಟದಲ್ಲಿ ಅದು ಪೂರ್ತಿ ಬಿಸಿಯೇರದೆ ತೇವ ಒಳಗೇ ಉಳಿಯುತ್ತದೆ. ಮಲೆನಾಡಿನ ಕಾರಿಗೆ ಆಯಿಲನ್ನು ಇನ್ನೂ ಬೇಗ ಬದಲಿಸಬೇಕೇ ಹೊರತು ಎರಡು ವರ್ಷ ಬಿಡುವುದಲ್ಲ.

ಎಂಜಿನ್ನನ್ನು ನಿಮ್ಮ ಖರ್ಚಿನಲ್ಲೇ ಸರಿಪಡಿಸಿಕೊಡಬೇಕು. ಆ ಎರಡು ಸರ್ವಿಸ್‌ಗಳಲ್ಲಿ ಮಾಡಿದ ಕೆಲಸ ಬರೆದಿಡುವ ಜಾಬ್ ಕಾರ್ಡ್ ಪ್ರತಿ ಕೊಡಬೇಕು. ವಾರಂಟಿ ಪತ್ರದಲ್ಲಿನ ಆ ಸಾಲನ್ನು ಹಿಂಪಡೆಯಬೇಕು. ಹಳೆಯ ಫಿಲ್ಟರನ್ನು ದಯವಿಟ್ಟು ಎಸೆಯಬೇಡಿ. ಅದು ನನ್ನದು, ನನಗೇ ಬೇಕು. ಹದಿನೈದು ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ.

ಬಿಲ್ಲುಗಳ ಪ್ರತಿ ಮತ್ತು ಫಿಲ್ಟರ್‌ನ ಫೋಟೊ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ