ಎಲ್ಲರಿಗೂ ಒಂದೇ ಡಯಟ್ ಪಟ್ಟಿ ಯಾಕೆ?

ಸಂಪಾದಕರೇ,

ಶುಗರ್ ಜಾಸ್ತಿ ಅಂದ ಕೂಡಲೇ ಎಲ್ಲರ ಕೈಗೂ ಒಂದೇ ಊಟದ ಪಟ್ಟಿ ಬರುತ್ತದೆ. ಮೈ ಒಬ್ಬೊಬ್ಬರದು ಒಂದೊಂದು ಥರ ಅಲ್ವಾ? ಇಸ್ರೇಲಿನ ವೈಜ್ಮನ್ ಸಂಸ್ಥೆಯವರು 800 ಜನರ ಶುಗರ್ ಅನ್ನು ವಾರವಿಡೀ ಅಳೆದು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಬ್ಬರಿಗೆ ಬಾಳೆಹಣ್ಣು ತಿಂದಾಗ ಶುಗರ್ ಏರಿತು, ಬಿಸ್ಕತ್ತಿಗೆ ಏರಲಿಲ್ಲ. ಇನ್ನೊಬ್ಬರಿಗೆ ಪೂರ್ತಿ ಉಲ್ಟಾ! ರಕ್ತ ಪರೀಕ್ಷೆ, ಕರುಳಿನ ಬ್ಯಾಕ್ಟೀರಿಯಾ, ದಿನಚರಿ ಎಲ್ಲ ಸೇರಿಸಿ ನೋಡಿದರೆ ಇದನ್ನು ಮೊದಲೇ ಅಂದಾಜು ಮಾಡಬಹುದು ಎಂದೂ ತೋರಿಸಿದರು.

ಹಾಗಂತ ಜೀನ್ (ವಂಶವಾಹಿ) ನೋಡಿ ನಿಮಗೆ ಹೊಂದುವ ಡಯಟ್ ಹೇಳುತ್ತೇವೆ ಎನ್ನುವ ಸಿಕ್ಕ ಸಿಕ್ಕ ಟೆಸ್ಟ್ ಕಿಟ್ ನಂಬುವುದು ಬೇಡ. 2018ರಲ್ಲಿ ಪ್ರಕಟವಾದ, 609 ಜನರ ಮೇಲಿನ ಅಮೆರಿಕದ ಪ್ರಯೋಗದಲ್ಲಿ ಯಾವ ಡಯಟ್‌ಗೆ ಯಾರ ತೂಕ ಇಳಿಯುತ್ತದೆಂದು ಜೀನ್ ನೋಡಿ ಹೇಳಲು ಆಗಲಿಲ್ಲ. ಕಿಟ್ ಮಾರುವವರು ಮೊದಲು ಪುರಾವೆ ಕೊಡಲಿ. ವೈದ್ಯರೂ ಅಷ್ಟೇ, ಊಟದ ನಂತರದ ಶುಗರ್ ನೋಡಿ ಪಟ್ಟಿ ಬದಲಿಸಲಿ.

– ಒಬ್ಬ ಓದುಗ