ಗುಳೆ ಹೋದವರ ಹೆಸರನ್ನು ಹೊಡೆದು ಹಾಕಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ತಂಗಿಯನ್ನು ಸೊಲ್ಲಾಪುರದ ರೈಲು ಹತ್ತಿಸಲು ಕಲಬುರಗಿ ನಿಲ್ದಾಣಕ್ಕೆ ಹೋಗಿದ್ದೆ. ಎಳ್ಳಮಾವಾಸ್ಯೆಯ ಚರಗ ಚೆಲ್ಲಿ, ತೊಗರಿ ರಾಶಿ ಮುಗಿಸಿ, ದುಡಿಮೆಗೆಂದು ದೂರದ ಊರುಗಳಿಗೆ ಗುಳೆ ಹೊರಟ ಜನ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಗಂಟುಮೂಟೆ ಇಟ್ಟುಕೊಂಡು ಕುಳಿತಿದ್ದರು. ಚೀಲದಲ್ಲಿ ಜೋಳದ ಹಿಟ್ಟು, ಬುಟ್ಟಿಯಲ್ಲಿ ಪಾತ್ರೆ, ಮಡಿಲಲ್ಲಿ ಕೂಸು. ಅವರ ನಡುವಿನಿಂದ ಒಬ್ಬ ಹೆಣ್ಣುಮಗಳು "ನರ್ಸಬಾಯಿ" ಎಂದು ಕೂಗುತ್ತ ಎದ್ದು ಬಂದಳು. ಅವಳು ಹುಟ್ಟಿದಾಗ ತೂಕ ಮಾಡಿದವಳು ನಾನು. ಈಗ ಅವಳ ಸೊಂಟದ ಮೇಲೆ ಮೂರು ತಿಂಗಳ ಗಂಡುಮಗು. ತಾಯಿ-ಮಗುವಿನ ತಪಾಸಣೆ, ಲಸಿಕೆಯ ಲೆಕ್ಕವಿರುವ ತಾಯಿ ಕಾರ್ಡ್ ಎಲ್ಲಿ ಎಂದು ಕೇಳಿದೆ. ಕಳೆದುಹೋದೀತು ಎಂಬ ಭಯಕ್ಕೆ ತಾಂಡಾದಲ್ಲಿ (ಲಂಬಾಣಿಗರ ಹಟ್ಟಿ) ಅತ್ತೆಯ ಟ್ರಂಕಿನಲ್ಲೇ ಇಟ್ಟು ಬಂದಿದ್ದೇನೆ ಎಂದಳು. ಪುಣೆಯಲ್ಲಿ ಎಲ್ಲಿ ಇರುತ್ತೀರಿ ಎಂದರೆ, ಮುಕಾದಮನಿಗೆ (ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿ) ಗೊತ್ತು ಎಂದಳು.

ಆ ಎರಡು ಉತ್ತರಗಳನ್ನು ಕೇಳಿ ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಈ ಪತ್ರ.

ನಾನು ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಈ ಹುದ್ದೆಗೆ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಹೆಸರಿದೆ. ಜನರ ಬಾಯಲ್ಲಿ ಮಾತ್ರ ಅಂದಿಗೂ ಇಂದಿಗೂ ನರ್ಸಬಾಯಿಯೇ. 18 ತಿಂಗಳ ತರಬೇತಿ ಮುಗಿಸಿ 1986ರಲ್ಲಿ ಕೆಲಸಕ್ಕೆ ಸೇರಿದೆ. ದೇಶದಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾಗಿ ಆಗ ಒಂದೇ ವರ್ಷವಾಗಿತ್ತು. 2020ರಲ್ಲಿ ನಿವೃತ್ತಳಾಗುವವರೆಗೆ ನನ್ನ ಸೇವೆಯ ಹೆಚ್ಚಿನ ಭಾಗ ಕಳೆದದ್ದು ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಗುಡ್ಡದ ತಾಂಡಾಗಳಲ್ಲಿ. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಕಾಡು ಅದೇ. ಬಸ್ಸು ಇಳಿದ ಮೇಲೆ ಲಸಿಕೆಯ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಕೆಂಪು ಮಣ್ಣಿನ ದಾರಿಯಲ್ಲಿ ನಡೆಯಬೇಕು. ಡಬ್ಬಿಯೊಳಗೆ ನಾಲ್ಕು ಐಸ್‌ಪ್ಯಾಕ್. ಲಸಿಕೆ 2ರಿಂದ 8 ಡಿಗ್ರಿಯೊಳಗೇ ಇರಬೇಕು. ನಮ್ಮ ಕಡೆಯ ಬೇಸಿಗೆ ಎಂಥದ್ದೆಂದು ಓದುಗರಿಗೆ ಹೇಳಬೇಕಾಗಿಲ್ಲ. ಮರದ ನೆರಳು ಕಂಡಲ್ಲಿ ನಾನು ನಿಲ್ಲುತ್ತಿದ್ದುದು ನನ್ನ ದಣಿವಿಗಿಂತ ಹೆಚ್ಚಾಗಿ ಆ ಡಬ್ಬಿಗಾಗಿ.

ಆದರೆ ದಾರಿಯ ಕಷ್ಟ ಹೇಳಿಕೊಳ್ಳಲು ಬರೆಯುತ್ತಿಲ್ಲ. ದಾರಿ ಎಷ್ಟೇ ದೂರವಿರಲಿ, ನಡೆದರೆ ಮುಗಿಯುತ್ತಿತ್ತು. ತಾಂಡಾ ಮುಟ್ಟಿದ ಮೇಲೆ ಅರ್ಧ ಮನೆಗಳಿಗೆ ಬೀಗ ಬಿದ್ದಿರುತ್ತಿದ್ದವಲ್ಲ, ಅದು ಕಷ್ಟ. ಮುಂಬೈಗೆ, ಪುಣೆಗೆ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ, ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ ಜನ ಹೋಗಿಬಿಟ್ಟಿರುತ್ತಿದ್ದರು. ಬೀಗದ ಮನೆಯ ಮುಂದೆ ನಿಂತು ನಾವು ರಿಜಿಸ್ಟರಿನಲ್ಲಿ "ಊರಲ್ಲಿಲ್ಲ" ಎಂದು ಬರೆದು ಮುಂದಿನ ಮನೆಗೆ ಹೋಗುತ್ತಿದ್ದೆವು. ಕೆಲವು ತಿಂಗಳಾದ ಮೇಲೆ ಆ ಹೆಸರಿನ ಮೇಲೆ ಗೆರೆ ಬೀಳುತ್ತಿತ್ತು.

1993ರ ಬೇಸಿಗೆ. ಯುಗಾದಿಗೆ ಮುಂಚೆ ಒಂದು ತಾಂಡಾಕ್ಕೆ ಮುಂಬೈಯಿಂದ ಏಳೆಂಟು ಕುಟುಂಬಗಳು ಮರಳಿ ಬಂದಿದ್ದವು. ಒಂದು ಮಗುವಿಗೆ ಜ್ವರ, ಕಣ್ಣು ಕೆಂಪು, ಮೈಮೇಲೆ ಗುಳ್ಳೆ. ದಡಾರ. ನಮ್ಮ ಕಡೆ ಗೊಬ್ಬರ ಎನ್ನುತ್ತಾರೆ. ಅಮ್ಮ ಬಂದಿದ್ದಾಳೆಂದು ಮನೆ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿ ಯಾರಿಗೂ ಹೇಳದೆ ಇದ್ದರು. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಒಂದು ಸಾಲಿನ ಮನೆಗಳಲ್ಲೆಲ್ಲ ಮಕ್ಕಳು ಮಲಗಿದ್ದವು. ದಡಾರವು ತಾನಾಗಿ ಕೊಲ್ಲುವುದು ಕಡಿಮೆ. ಅದರ ಬೆನ್ನಿಗೆ ಬರುವ ನ್ಯುಮೋನಿಯಾ, ಭೇದಿ ಕೊಲ್ಲುತ್ತವೆ, ಸೊರಗಿದ ಮಕ್ಕಳನ್ನಂತೂ ಬಿಡುವುದಿಲ್ಲ. ಎರಡು ಮಕ್ಕಳು ಹೋದವು. ಒಂದಕ್ಕೆ ಹನ್ನೊಂದು ತಿಂಗಳು, ಇನ್ನೊಂದಕ್ಕೆ ಎರಡು ವರ್ಷವೂ ತುಂಬಿರಲಿಲ್ಲ. ದಡಾರದ ಲಸಿಕೆಯನ್ನು ಒಂಬತ್ತು ತಿಂಗಳು ತುಂಬಿದ ಕೂಡಲೇ ಹಾಕುತ್ತೇವೆ. ಆ ಎರಡೂ ಹೆಸರುಗಳ ಎದುರು ನನ್ನ ಕೈಬರಹದಲ್ಲಿ "ಊರಲ್ಲಿಲ್ಲ" ಎಂದಿತ್ತು.

ವಿಚಾರಣೆಗೆ ಬಂದ ಮೇಲಧಿಕಾರಿಗಳು ರಿಜಿಸ್ಟರ್ ನೋಡಿ, ನಿಮ್ಮ ದಾಖಲೆ ಸರಿಯಾಗಿದೆ, ತಪ್ಪೇನಿಲ್ಲ ಎಂದು ಸಹಿ ಹಾಕಿ ಹೋದರು. ದಾಖಲೆ ಸರಿಯಾಗಿಯೇ ಇತ್ತು. ನಾನು ಹೋದ ದಿನ ಅವರು ಊರಲ್ಲಿರಲಿಲ್ಲ. ಅವರು ಮರಳಿ ಬಂದು ಹದಿನೈದು ದಿನವಾಗಿದ್ದರೂ ನನಗೆ ಗೊತ್ತಾಗಿರಲಿಲ್ಲ, ಗೊತ್ತುಮಾಡಿಕೊಳ್ಳುವ ದಾರಿಯನ್ನು ನಾನು ಹುಡುಕಿರಲೂ ಇಲ್ಲ. ಹನ್ನೊಂದು ತಿಂಗಳ ಮಗುವಿನ ತಾಯಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದನ್ನು ನಾನು ಈಗಲೂ ಮರೆತಿಲ್ಲ.

ಆ ವರ್ಷ ಚಿಂಚೋಳಿಯಲ್ಲಿ ಇನ್ನೂರು ಪುಟದ ಉದ್ದನೆಯ ವಹಿಯೊಂದನ್ನು ಕೊಂಡೆ. ಮೇಲೆ "ಗುಳೆ ವಹಿ" ಎಂದು ಬರೆದೆ. ದೀಪಾವಳಿ ಮುಗಿಯುತ್ತಿದ್ದಂತೆ ತಾಂಡಾದ ಹಿರಿಯರಾದ ನಾಯಕ್ ಮತ್ತು ಕಾರಭಾರಿಯ ಬಳಿ ಕುಳಿತು, ಈ ಸಲ ಯಾರು ಹೋಗುತ್ತಾರೆ, ಯಾವ ಮುಕಾದಮನಿಂದ ಮುಂಗಡ ತೆಗೆದುಕೊಂಡಿದ್ದಾರೆ, ಯಾವ ಊರು, ಯಾವ ಸ್ಟೇಷನ್ನಿನ ಹತ್ತಿರ, ಯಾವಾಗ ಬರುತ್ತಾರೆ ಎಂದು ಬರೆದುಕೊಳ್ಳತೊಡಗಿದೆ. ಯಾವ ಹೆಂಗಸಿಗೆ ಎಷ್ಟು ತಿಂಗಳು, ಯಾವ ಮಗುವಿಗೆ ಯಾವ ಲಸಿಕೆ ಬಾಕಿ ಎಂಬುದೂ ಅದರಲ್ಲೇ. ಹಗಲು ಎಲ್ಲರೂ ತೊಗರಿ ಹೊಲದಲ್ಲಿರುವುದರಿಂದ ಹೋಗುವವರಿಗೆಂದೇ ಸಂಜೆ ಲಸಿಕೆ ಇಟ್ಟುಕೊಂಡೆ. ದಡಾರ ಮತ್ತು ಕ್ಷಯದ ಬಿ.ಸಿ.ಜಿ. ಲಸಿಕೆಯ ಬಾಟಲಿಗಳನ್ನು ತೆರೆದರೆ ನಾಲ್ಕು ತಾಸಿನೊಳಗೆ ಬಳಸಿ ಮುಗಿಸಬೇಕು, ಉಳಿದದ್ದು ವ್ಯರ್ಥ. ಒಂದೇ ಮಗುವಿದ್ದರೂ ತೆರೆದು ಹಾಕಿದ್ದೇನೆ, ಅದರ ಬಗ್ಗೆ ಮಾತು ಕೇಳಿದ್ದೇನೆ. ಒಂದು ಮಗು ಬಂದರೂ ಬಾಟಲಿ ತೆರೆಯಬೇಕೆಂದು ಈಗ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ.

ಬಸುರಿಯರಿಗೆ ಕಬ್ಬಿಣದ ಗುಳಿಗೆಯನ್ನು ತಿಂಗಳ ಲೆಕ್ಕದಲ್ಲಿ ಕೊಡದೆ, ಹೊರಡುವವರಿಗೆ ಬಾಕಿ ಉಳಿದಷ್ಟನ್ನೂ ಒಟ್ಟಿಗೆ ಕಟ್ಟಿ ಕೊಟ್ಟೆ. ಈಗಿನ ಲೆಕ್ಕದಲ್ಲಿ ಒಂದು ಬಸಿರಿಗೆ 180 ಗುಳಿಗೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ಬಸುರಿಗೆ ರಕ್ತಹೀನತೆ ಎನ್ನುತ್ತೇವೆ, 7ಕ್ಕಿಂತ ಇಳಿದರೆ ಆಸ್ಪತ್ರೆಯೇ ಗತಿ. ಇಟ್ಟಿಗೆ ಭಟ್ಟಿಯಿಂದ ಏಳು ತಿಂಗಳಿಗೆ ಬಂದವಳ ರೆಪ್ಪೆ ಎಳೆದು ನೋಡಿದರೆ ಕಾಗದದ ಹಾಗೆ ಬಿಳಿ ಇರುತ್ತಿತ್ತು. ಅಂಥವರನ್ನು ಜೀಪಿನಲ್ಲಿ ಹಾಕಿಕೊಂಡು ಹೋದದ್ದು ಎಷ್ಟು ಸಲವೋ ಲೆಕ್ಕವಿಟ್ಟಿಲ್ಲ.

ಕಾರ್ಡಿನ ಹಿಂಬದಿಯಲ್ಲಿ ಲಸಿಕೆಯ ಹೆಸರು ಮತ್ತು ಮುಂದಿನ ದಿನಾಂಕವನ್ನು ದೇವನಾಗರಿಯಲ್ಲಿ ಬರೆದು ಕೊಡುತ್ತಿದ್ದೆ. ಶಾಲೆಯಲ್ಲಿ ಕಲಿತ ಹಿಂದಿ ಅಷ್ಟಕ್ಕೆ ಸಾಕಾಯಿತು. ಮೊಬೈಲ್ ಬಂದ ಮೇಲೆ ಒಮ್ಮೆ ಪುಣೆಯ ಒಬ್ಬ ನರ್ಸ್ ನನಗೆ ಫೋನ್ ಮಾಡಿ, ಈ ಅಕ್ಷರ ನಿಮ್ಮದೇನು, ನಾಳೆಯೂ ಇವರನ್ನು ಕಳಿಸಿ, ನಾನು ಹಾಕುತ್ತೇನೆ ಎಂದರು. ಅವರ ಮುಖ ನಾನು ನೋಡಿಲ್ಲ. ಮೂರು ವರ್ಷ ಇಬ್ಬರೂ ಹೀಗೆ ಮಕ್ಕಳನ್ನು ಒಬ್ಬರಿಗೊಬ್ಬರು ಒಪ್ಪಿಸಿಕೊಂಡೆವು. 2005ರ ನಂತರ ಬಂದ ಆಶಾ ಕಾರ್ಯಕರ್ತೆಯರಿಂದ ನನ್ನ ವಹಿ ಇನ್ನಷ್ಟು ಗಟ್ಟಿಯಾಯಿತು. ಲಂಬಾಣಿಗರ ಭಾಷೆ ಗೋರಮಾಟಿ ಮಾತಾಡುವ, ಅದೇ ತಾಂಡಾದ ಸೊಸೆಯರು ಅವರು. ಯಾವ ಮನೆಯಲ್ಲಿ ಗಂಟು ಕಟ್ಟುತ್ತಿದ್ದಾರೆ ಎಂಬುದು ನನಗಿಂತ ಒಂದು ವಾರ ಮೊದಲೇ ಅವರಿಗೆ ಗೊತ್ತಿರುತ್ತಿತ್ತು.

ಈಗ ಕೆಲಸದಲ್ಲಿರುವ ಹುಡುಗಿಯರು ನನಗೆ ಆಗಾಗ ಫೋನ್ ಮಾಡುತ್ತಾರೆ. ರಿಜಿಸ್ಟರಿನ ಜೊತೆಗೆ ಮೊಬೈಲಿನಲ್ಲೂ ತುಂಬಬೇಕು, ಅದೇ ಮಾಹಿತಿಯನ್ನು ಮತ್ತೊಂದು ಕಡೆಯೂ ತುಂಬಬೇಕು, ಗುಡ್ಡದ ಮೇಲೆ ಸಿಗ್ನಲ್ ಇಲ್ಲ. ಪಕ್ಕದ ಆರೋಗ್ಯ ಉಪಕೇಂದ್ರದ ಹುದ್ದೆ ಖಾಲಿ ಬಿದ್ದರೆ ಅದರ ಪ್ರಭಾರವೂ ಇವರಿಗೇ. ಗುಡ್ಡಗಾಡು ಮತ್ತು ದುರ್ಗಮ ಪ್ರದೇಶದಲ್ಲಿ 3000 ಜನರಿಗೆ ಒಂದು ಉಪಕೇಂದ್ರವಿರಬೇಕು ಎಂಬುದು ನಿಯಮ. ತಾಂಡಾಗಳು ಒಂದರಿಂದ ಒಂದು ಎಷ್ಟು ದೂರ ಚದುರಿವೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಇಷ್ಟರ ನಡುವೆ ಗುರಿ ಮುಟ್ಟಿಲ್ಲವೆಂದು ಸಭೆಯಲ್ಲಿ ಎದ್ದು ನಿಲ್ಲಿಸಿದರೆ, ಪಾಪ, ಅವರಾದರೂ ಏನು ಮಾಡಬೇಕು? ಊರಲ್ಲಿಲ್ಲದವರ ಹೆಸರನ್ನು ಪಟ್ಟಿಯಿಂದ ತೆಗೆದರೆ ಶೇಕಡಾವಾರು ತಾನಾಗಿಯೇ ಏರುತ್ತದೆ. ಹೀಗೆ ಏರಿದ ಅಂಕಿಯನ್ನು ನೋಡಿ ಸಂತೋಷಪಡುವವರಿಗೆ ನನ್ನ ಬಿನ್ನಹವಿದೆ. ಆ ಹೆಸರು ತೆಗೆದ ಮಗು ಎಲ್ಲೋ ಒಂದು ಕಟ್ಟಡದ ಮರಳಿನ ಗುಡ್ಡೆಯ ಪಕ್ಕದಲ್ಲಿ ಮಲಗಿರುತ್ತದೆ. ಅಲ್ಲಿನ ಪಟ್ಟಿಯಲ್ಲೂ ಅದರ ಹೆಸರು ಇರುವುದಿಲ್ಲ.

ಆರೋಗ್ಯ ಇಲಾಖೆಯನ್ನು ನಾನು ಕೇಳುವುದು ದೊಡ್ಡದಲ್ಲ. ಗುಳೆ ಹೋಗುವ ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ಪ್ರತಿ ಉಪಕೇಂದ್ರದಲ್ಲೂ ಗುಳೆ ವಹಿಯನ್ನು ಅಧಿಕೃತ ದಾಖಲೆ ಮಾಡಿರಿ. ಹೋದವರ ಹೆಸರನ್ನು ಹೊಡೆಯದೆ ಅದಕ್ಕೆ ವರ್ಗಾಯಿಸಿರಿ, ಅವರನ್ನು ಹುಡುಕಿ ಫೋನ್ ಮಾಡಿದ್ದನ್ನೂ ಕೆಲಸವೆಂದು ಎಣಿಸಿರಿ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ, ಮತ್ತೆ ಯುಗಾದಿಯಿಂದ ಮೃಗಶಿರಾ ಮಳೆಯವರೆಗೆ ಗುಡ್ಡದ ನರ್ಸನ್ನು ಬೇರೆ ಕಡೆಗೆ ನಿಯೋಜಿಸಬೇಡಿರಿ. ಹೋಗುವ ಮತ್ತು ಮರಳುವ ದಿನಗಳು ಅವೇ. ದೇಶದ ಯಾವ ಊರಿನಲ್ಲಿ ಬೇಕಾದರೂ ಮಗುವಿಗೆ ಲಸಿಕೆ ಉಚಿತ. ಎಲ್ಲಿ ಹಾಕಿಸಿದರೂ ಕಾಣುವಂತೆ ಈಗ ಯು-ವಿನ್ ಎಂಬ ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆ ಬಂದಿದೆ. ಇದು ಮುಕಾದಮರಿಗೂ ತಿಳಿದಿರಬೇಕು. ತಾಂಡೂರು, ಜಹೀರಾಬಾದಿನ ಕಡೆ ಹೆರಿಗೆಗೆ ಹೋಗಿ ಬರುವ ಗಡಿಯ ಹೆಣ್ಣುಮಕ್ಕಳ ಲೆಕ್ಕವನ್ನೂ ತೆಲಂಗಾಣದವರೊಂದಿಗೆ ಕುಳಿತು ಹೊಂದಿಸಬೇಕು. ತಾಯಂದಿರಿಗೂ ಒಂದು ಮಾತು: ತಾಯಿ ಕಾರ್ಡನ್ನು ಟ್ರಂಕಿನಲ್ಲಿ ಇಡಬೇಡಿ ತಾಯಿ, ಜೊತೆಗೆ ಒಯ್ಯಿರಿ. ಒಂದು ಲಸಿಕೆ ತಪ್ಪಿತೆಂದು ಹೆದರಬೇಡಿ. ಮೊದಲಿನಿಂದ ಹಾಕಿಸಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ.

ರೈಲು ನಿಲ್ದಾಣದಲ್ಲಿ ಆ ಹುಡುಗಿಯ ಮೈದುನನಿಗೆ ಫೋನ್ ಹಚ್ಚಿಸಿದೆ. ಅವನು ಟ್ರಂಕು ತೆಗೆಸಿ ಕಾರ್ಡಿನ ಫೋಟೊ ಕಳಿಸಿದ. ಒಂದೂವರೆ ಮತ್ತು ಎರಡೂವರೆ ತಿಂಗಳಿನ ಪೆಂಟಾ (ಐದು ರೋಗ ತಡೆಯುವ ಲಸಿಕೆ) ಎರಡೂ ಆಗಿದ್ದವು, ಮೂರನೆಯದು ಮುಂದಿನ ಗುರುವಾರಕ್ಕೆ ಬಾಕಿ. ರೈಲು ಬಂದೇ ಬಿಟ್ಟಿತು. ಗಂಡನ ನಂಬರನ್ನು ನನ್ನ ಪ್ಲಾಟ್‌ಫಾರ್ಮ್ ಟಿಕೆಟಿನ ಹಿಂದೆ ಬರೆದುಕೊಂಡಿದ್ದೇನೆ, ಗುರುವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ. ಆದರೆ ಅದೇ ಬೋಗಿಗೆ ಇನ್ನೂ ಐದಾರು ಕೂಸುಗಳು ಹತ್ತಿದವು. ಅವರನ್ನು ಕೇಳಲು ಹೊತ್ತಾಗಲಿಲ್ಲ.

ನನ್ನ ಗುಳೆ ವಹಿಗಳು ಒಟ್ಟು ಒಂಬತ್ತು. ಎಲ್ಲವೂ ಮನೆಯಲ್ಲಿವೆ. ಇಲಾಖೆಯವರು ಮಾದರಿಗೆ ಬೇಕೆಂದರೆ ನಾನೇ ತಂದು ಕೊಡುತ್ತೇನೆ, ಹೊಸಬರೊಂದಿಗೆ ಕುಳಿತು ವಹಿಯ ಅಂಕಣಗಳಿಗೆ ಗೆರೆ ಹಾಕುವುದನ್ನೂ ತೋರಿಸುತ್ತೇನೆ.

ಇತಿ,
ನಿವೃತ್ತ ಆರೋಗ್ಯ ಸಹಾಯಕಿ,
ಕಲಬುರಗಿ